ಎರಡೆಲೆಯ ಹುಲ್ಲು

ಕಂಪ್ಲಿಯಲ್ಲಿ ಅಕ್ಕನ ಮಗುವಿನ ತೊಟ್ಟಿಲ ಶಾಸ್ತ್ರ ಮುಗಿಸಿ ಮೂರನೆಯ ದಿನ ಹೊಸಪೇಟೆಯ ಚಿತ್ತವಾಡ್ಗಿಯ ಬಾಡಿಗೆ ಮನೆಗೆ ಬಂದ ಸುಧಾರಾಣಿ, ಹೆಗಲ ಚೀಲ ಇಳಿಸದೆ ಮಾಳಿಗೆ ಹತ್ತಿದಳು. ನಲವತ್ತು ತಟ್ಟೆಗಳ ಮಣ್ಣೂ ಬೋಳಾಗಿತ್ತು. ಯಾರೋ ಕೈಯಾಡಿಸಿ, ನೀರು ಚಿಮುಕಿಸಿ, ಹಬ್ಬಕ್ಕೆ ಸಾರಿಸಿದ ಅಂಗಳದಷ್ಟು ಅಚ್ಚುಕಟ್ಟು ಮಾಡಿದ್ದರು.

"ಬಂದ್ಯಾ ಯವ್ವಾ?" ಮನೆಯೊಡತಿ ವಿರುಪಮ್ಮ ಹಿಂದೆಯೇ ಮೆಟ್ಟಿಲೇರಿ ಬಂದಳು. "ಭಾಳ ಕಸ ಬೆಳದಿತ್ತು. ನೀ ಹಾಕಿದ ಬೀಜ ಏಳಾಕ ಜಾಗಾನ ಇರ್ಲಿಲ್ಲ. ಎಲ್ಲಾ ಕಿತ್ತು ಮಗ್ಗಲ ಮನಿ ಮೇಕಿಗೆ ಹಾಕ್ದೆ."

"ನಾ ಯಾವ ಬೀಜಾನೂ ಹಾಕಿರ್ಲಿಲ್ಲಮ್ಮ. ಆ ಕಸಾನ ನನ್ನ ಬೆಳಿ."

"ಕಸ ಬೆಳಸಾಕ ಎಮ್ಮೆಸ್ಸಿ ಓದಬೇಕಾ?" ಎಂದು ನಕ್ಕ ವಿರುಪಮ್ಮ, ಹುಡುಗಿಯ ಮುಖ ನೋಡಿ ಮೆಲ್ಲಗೆ ಕುಳಿತುಬಿಟ್ಟಳು.

ಅದು ಸಂಡೂರಿನ ಒಂದು ಗುಡ್ಡದ ಬೆನ್ನಿನಿಂದ ತಂದ ಮಣ್ಣು. ಅರಣ್ಯ ಇಲಾಖೆಯ ಕಾಗದದಲ್ಲಿ ಆ ಜಾಗಕ್ಕೆ 'ಪಾಳು' ಎಂದೇ ಹೆಸರು. ಈ ಮಳೆಗಾಲಕ್ಕೆ ಅಲ್ಲಿ ಗುಂಡಿ ತೋಡಿ ಸಸಿ ನೆಡುವವರಿದ್ದರು. ಅದು ಹಾಳಾದ ಕಾಡಲ್ಲ, ಮೊದಲಿನಿಂದಲೂ ಹುಲ್ಲಿನ ಬಯಲು, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿರುತ್ತದೆ ಎಂದು ಸುಧಾರಾಣಿ ವಾದಿಸಿದ್ದಳು. "ಮಣ್ಣಾಗ ಬಯಲು ಮಲಗೈತಿ ಅಂತ ತೋರಿಸ್ರಿ ಮೇಡಂ, ಗುಂಡಿ ನಿಲ್ಲಿಸ್ತೀನಿ," ಎಂದಿದ್ದ ಅರಣ್ಯಾಧಿಕಾರಿ ಮಾರುತೇಶ್. ಅದಕ್ಕೇ ಎರಡು ತಿಂಗಳು ಆ ಮಣ್ಣಿಗೆ ಬರೀ ನೀರು ಹಾಕಿ ಕಾದಿದ್ದಳು. ಮೊಳೆತದ್ದು ಬೀದಿಯ ಕಸವಲ್ಲ, ಬಯಲಿನ ಹುಲ್ಲೇ ಎಂದು ಹೆಸರು ಹಿಡಿದು ತೋರಿಸಬೇಕಿತ್ತು. ತೆನೆ ಕಾಣದೆ ಹುಲ್ಲಿನ ಹೆಸರು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಈಗಷ್ಟೇ ತೆನೆ ಇಣುಕತೊಡಗಿತ್ತು. ಗುಂಡಿ ತೋಡಲು ಇನ್ನು ಹನ್ನೆರಡೇ ದಿನ. ಕೆಳಗೆ ಅರ್ಧ ಮೂಟೆ ಮಣ್ಣು ಉಳಿದಿತ್ತು, ನಿಜ. ಆದರೆ ಅಷ್ಟರಲ್ಲಿ ಬರುವುದು ಎರಡೆಲೆ. ಎರಡೆಲೆಯಲ್ಲಿ ಎಲ್ಲ ಹುಲ್ಲೂ ಒಂದೇ ಎಂದು ಸುಧಾರಾಣಿ ವಿರುಪಮ್ಮನಿಗೆ ಬಿಡಿಸಿ ಹೇಳಿದಳು.

"ಒಂದ ಹೆಂಗಾಗ್ತಾವ?" ವಿರುಪಮ್ಮನಿಗೆ ಆಶ್ಚರ್ಯವಾಯಿತು. ಅವಳು ಪಾಪಿನಾಯಕನಹಳ್ಳಿಯ ಹೊಲಗಳಲ್ಲಿ ನಲವತ್ತು ವರ್ಷ ಕಳೆ ಕಿತ್ತವಳು. "ತೆನಿ ಬರೋತನಕ ಕಾಯ್ಕಂತ ಕುಂದ್ರಾಕ ಆಕ್ಕೈತಾ? ನವಣಿ ಕಿತ್ತು ಕಸ ಬಿಟ್ರ ಹೊಲದವ್ರು ಸುಮ್ನ ಬಿಡ್ತಾರಾ? ಎರಡೆಲಿಗೇ ಗುರ್ತು ಹಿಡೀಬೇಕವ್ವ."

ಸುಧಾರಾಣಿ ಒಳಗಿನಿಂದ ಹನ್ನೆರಡು ಪುಟ್ಟ ಕುಂಡಗಳನ್ನು ತಂದಿಟ್ಟಳು. ಹೋಲಿಸಿ ನೋಡಲೆಂದು ಗೊತ್ತಿರುವ ಬೀಜ ಹಾಕಿ ಬೆಳೆಸಿದ ಎಳೆ ಹುಲ್ಲು. ಹೆಸರಿನ ಚೀಟಿ ಕುಂಡದ ತಳದಲ್ಲಿ. ವಿರುಪಮ್ಮ ಕಣ್ಣು ಮುಚ್ಚಿದಳು. ಎಳೆಯ ಬುಡವನ್ನು ಎರಡು ಬೆರಳ ನಡುವೆ ಹೊರಳಿಸಿದಳು.

"ಇದು ಚಪ್ಪಟಿ ಐತಿ. ಕರಡ. ಇದು ಮೂಸಿದ್ರ ಗೊತ್ತಾಕ್ಕೈತಿ, ಗಂಜಣಿ. ಇದು ಕಸಬರಿಗಿ ಹುಲ್ಲು, ಹಂಚಿ."

ಹನ್ನೊಂದು ಹೆಸರು ಸರಿಯಾಗಿ ಬಂದವು. ಹನ್ನೆರಡನೆಯದರಲ್ಲಿ ಬೆರಳು ಬಹಳ ಹೊತ್ತು ನಿಂತಿತು.

"ಇದು ನನಗ ಗೊತ್ತಿಲ್ಲ ಯವ್ವಾ. ನಮ್ಮ ಕಡಿ ಹುಲ್ಲಲ್ಲ ಇದು."

ಸುಧಾರಾಣಿ ಕುಂಡ ತಿರುಗಿಸಿದಳು. ಗೆಳತಿಯೊಬ್ಬಳು ರಾಜಸ್ಥಾನದಿಂದ ಕಳಿಸಿದ ಬೀಜ. ಹನ್ನೊಂದು ಸರಿ ಉತ್ತರಗಳಿಗಿಂತ ಈ ಒಂದು 'ಗೊತ್ತಿಲ್ಲ' ಅವಳಿಗೆ ಧೈರ್ಯ ಕೊಟ್ಟಿತು. ಟಿಪ್ಪಣಿ ಪುಸ್ತಕದಲ್ಲಿ ಹೊಸ ಅಂಕಣ ಎಳೆದು 'ಗುರುತಿಸಿದವರು' ಎಂದು ಬರೆದಳು. ಆ ಮಧ್ಯಾಹ್ನವೇ ಉಳಿದ ಮಣ್ಣು ತಟ್ಟೆಗಳಿಗೆ ಬಿತ್ತು.

ನಾಲ್ಕನೆಯ ದಿನ ಮಣ್ಣಿನ ಮೇಲೊಂದು ಹಸಿರು ಉಸಿರು. ಎಂಟನೆಯ ದಿನ ಅದು ಗಾಳಿಗೆ ಬಾಗುವಷ್ಟಾಯಿತು. ಹನ್ನೊಂದನೆಯ ದಿನ ಸಂಜೆ ಮಾರುತೇಶ್ ಮಾಳಿಗೆಗೆ ಬಂದ. ನಂಬಿಕೆ ಸಾಲದೆ ತಟ್ಟೆಗಳನ್ನು ಅದಲುಬದಲು ಮಾಡಿಸಿದ. ವಿರುಪಮ್ಮ ಸೆರಗು ಸಿಕ್ಕಿಸಿಕೊಂಡು ಸಾಲು ಹಿಡಿದಳು. ಹಿಂದಿನ ದಿನ ಅವಳು ಹೇಳಿ, ಸುಧಾರಾಣಿ ತಟ್ಟೆಯ ಸಂಖ್ಯೆಯ ಜೊತೆ ಬರೆದಿಟ್ಟಿದ್ದ ಹೆಸರುಗಳೇ ಮತ್ತೆ ಬಂದವು.

"ಕರಡ. ಕರಡ. ಹಂಚಿ. ಇದಕ್ಕ ಹೆಸರಿಲ್ಲ, ಕುರಿ ಭಾಳ ತಿಂತಾವ. ಮತ್ತ ಕರಡ."

ಕೇಳುತ್ತ ಕೇಳುತ್ತ ಸುಧಾರಾಣಿಗೆ ಕಾಲಡಿಯ ಗಚ್ಚು ಮರೆತುಹೋಯಿತು. ಒಂದೊಂದು ಹೆಸರಿಗೆ ಒಂದೊಂದು ಮಾರು ಬಯಲು ಎದ್ದು ನಿಲ್ಲುತ್ತಿತ್ತು. ಸೊಂಟದೆತ್ತರದ ಕೆಂಪು ಹುಲ್ಲು, ಅದರೊಳಗೆ ಎಲ್ಲೋ ಒಂದು ಹಕ್ಕಿ, ಗಾಳಿ ಬಂದಾಗ ಇಡೀ ಗುಡ್ಡವೇ ಮಗ್ಗುಲು ಬದಲಿಸಿದಂತೆ. ಹೊಸಪೇಟೆಯ ಲಾರಿಗಳ ಸದ್ದು ಆ ಹುಲ್ಲಿನಾಚೆ ಎಲ್ಲೋ ದೂರದಲ್ಲಿತ್ತು.

ಮಾರುತೇಶ್ ತನ್ನ ಕಚೇರಿಯವನಿಗೆ ಫೋನ್ ಮಾಡಿದ. "ಗಾದಿಲಿಂಗ, ನಾಳೆ ಜೆಸಿಬಿ ಗುಡ್ಡಕ್ಕ ಬ್ಯಾಡ. ಹ್ಞೂಂ, ಈ ಮಳಿಗಾಲ ಹಂಗ ಬಿಟ್ಟು ನೋಡೋಣು. ಯಾರ್ ಹೇಳಿದ್ರಾ? ತಜ್ಞರು ಹೇಳ್ಯಾರ ಅಂತ ಬರ್ಕೋ."

"ಸರಿಯಪ್ಪಾ ಸಾಹೇಬ, ಮಾತು ಆಮ್ಯಾಲೆ," ಎಂದಳು ವಿರುಪಮ್ಮ. "ಬೆಳಕಿಗೆ ಅಡ್ಡ ನಿಂತೀಯಲ್ಲ, ಈಕಡಿ ಸರಿ. ಇನ್ನೂ ಆರು ತಟ್ಟಿ ಅದಾವ."