ನೀರು ಕುಡಿದು ಹೊರಟ ಕೆಂಚವ್ವ

ಸುರೇಬಾನದ ಕೆಂಚವ್ವ ಊರು ಬಿಟ್ಟು ಹೊರಡುವ ದಿನ ಬೆಳಗಿನಿಂದ ನೀರು ಮುಟ್ಟುತ್ತಿರಲಿಲ್ಲ. ರಾಮದುರ್ಗದ ಸಂತೆಗೆ ಹೋಗಲಿ, ಸವದತ್ತಿಗೆ ಹೋಗಲಿ, ಬಾಯಿಗೆ ಒಂದು ಹನಿ ಸೋಕಿಸುತ್ತಿರಲಿಲ್ಲ. ಬಸ್ಸಿನಿಂದ ಹೆಂಗಸರು ಎಲ್ಲಿ ಇಳಿಯಬೇಕು, ಯಾವ ಮರೆಗೆ ಹೋಗಬೇಕು? ಅವಳ ಅವ್ವನೂ ಹಾಗೇ ಮಾಡುತ್ತಿದ್ದಳು, ಅತ್ತೆಯೂ ಹಾಗೇ. ಓಣಿಯ ಹೆಂಗಸರೆಲ್ಲ ಹಾಗೇ.

ಎರಡು ವರ್ಷದ ಹಿಂದೆ ಮಗಳು ಸೋಮವ್ವನ ಬಾಣಂತನಕ್ಕೆಂದು ದಿಲ್ಲಿಗೆ ಹೊರಟಾಗಲೂ ಅದೇ ಹಟ. ರೈಲಿನಲ್ಲಿ ಮೂರು ದಿನ ತುಟಿ ಒದ್ದೆ ಮಾಡಿಕೊಂಡಿದ್ದಷ್ಟೇ. ಮಗಳ ಮನೆಯ ಹೊಸ್ತಿಲು ದಾಟುತ್ತಲೇ ಕಣ್ಣು ಕತ್ತಲಿಟ್ಟು ಬಿದ್ದಳು. ತುಂಬಿದ ಬಸುರಿ ಸೋಮವ್ವ ಒಲೆಯ ಮುಂದೆ ನಿಂತು ಅವ್ವನಿಗೆ ಗಂಜಿ ಕಾಸಿದಳು. "ಬಾಣಂತನ ಮಾಡಾಕ ಬಂದಾಕಿಗೇ ಬಾಣಂತನ ಆತು" ಎಂದು ಬೀಗರು ನಕ್ಕರು. ಆ ಮಾತು ಕೆಂಚವ್ವನ ಎದೆಯೊಳಗೆ ಜಾಲಿಮುಳ್ಳಿನ ಹಾಗೆ ಮುರಿದು ಉಳಿದಿತ್ತು.

ಈಗ ಸೋಮವ್ವನಿಗೆ ಎರಡನೆಯ ಸಲ ದಿನ ತುಂಬಿದ್ದವು. ಮಂಗಳವಾರ ಅಳಿಯನ ರಿಜಿಸ್ಟರ್ ಪತ್ರ ಬಂತು. ಕೂಸು ಅಡ್ಡ ತಿರುಗಿದೆ, ಶುಕ್ರವಾರ ಬೆಳಿಗ್ಗೆ ಹೊಟ್ಟೆ ಕೊಯ್ದು ತೆಗೆಯುತ್ತಾರೆ, ಸೋಮವ್ವ ಅವ್ವಾ ಅವ್ವಾ ಎನ್ನುತ್ತಿದ್ದಾಳೆ. ಪತ್ರದ ಜೊತೆ ವಿಮಾನದ ಟಿಕೀಟು. ಗುರುವಾರ ಮಧ್ಯಾಹ್ನ ಮುಂಬಯಿಯಿಂದ ದಿಲ್ಲಿಗೆ. ಮುಂಬಯಿವರೆಗೆ ಗಂಡ ಮಡಿವಾಳೆಪ್ಪ ಜೊತೆ ಬರಬೇಕು, ಮುಂದೆ ಅವಳೊಬ್ಬಳೇ.

"ಈ ಸಲ ನಾ ನನ್ನ ಕಾಲ ಮ್ಯಾಲ ನಿಂತು ಮಗಳ ಮುಂದ ಹೋಗಾಕಿ" ಎಂದಳು ಕೆಂಚವ್ವ. ಹೇಳುವಾಗ ದನಿ ಗಟ್ಟಿ, ಟಿಕೀಟನ್ನು ಮಾತ್ರ ಮತ್ತೆ ಮತ್ತೆ ಮಡಚಿ ಬಿಚ್ಚುತ್ತಿದ್ದಳು.

ಅಂದು ಸಂಜೆ ಓಣಿಯ ತುದಿಯ ಮನೆಯ ಕೃಷ್ಣವ್ವ ಬಂದಳು. ಕೃಷ್ಣವ್ವ ಹನ್ನೆರಡು ವರ್ಷ ಮುಂಬಯಿಯ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡಿದವಳು. ವಿಮಾನ ಇಳಿದು ಮಂದಿ ಖಾಲಿಯಾದೊಡನೆ ಒಳಹೊಕ್ಕು ಕಸ ಹೊಡೆದು ಒರೆಸುವುದು ಅವಳ ಪಾಲಿನ ಕೆಲಸ.

"ಕೃಷ್ಣವ್ವ, ನೀ ಎಷ್ಟ ಸಲ ಹಾರೀದಿ?" ಮಡಿವಾಳೆಪ್ಪ ಕಟ್ಟೆಯ ಮೇಲಿಂದಲೇ ಕೆಣಕಿದ.

"ಒಂದ ಸಲಾನೂ ಇಲ್ರಿ ಅಣ್ಣಾರ."

"ಹಾರದಾಕಿ ಹಾರೂದು ಕಲಸಾಕ ಬಂದಾಳ."

"ಹಾರಿದವರು ಬಿಟ್ಟು ಹೋಗಿದ್ದನ್ನೆಲ್ಲಾ ಬಳದೇನ್ರಿ. ಯಾರಿಗೆ ಏನ ಆತು ಅನ್ನೂದು ಅವರಕಿಂತ ನನಗ ಛಲೋ ಗೊತ್ತೈತಿ." ಕೃಷ್ಣವ್ವ ಒಳಗೆ ಬಂದು ಟ್ರಂಕಿನ ಮುಂದೆ ಕುಂತಳು. "ಕೆಂಚಕ್ಕ, ತಗಿ ನೋಡೋಣು."

ಟ್ರಂಕಿನಲ್ಲಿ ಅಂಟಿನುಂಡಿ, ಬಾಣಂತಿ ಖಾರ, ತುಪ್ಪದ ಡಬ್ಬಿ, ಕೂಸಿಗೆ ಹೊದಿಸಲು ಹಳೆ ಇಳಕಲ್ ಸೀರೆಯಲ್ಲಿ ಹೊಲಿದ ದುಬಟಿ. ಎಲ್ಲದರ ಅಡಿಗೆ ಹಿತ್ತಲಿನ ಗುಂಡಕಲ್ಲು.

"ಇದ್ಯಾಕವ್ವ?"

"ತೊಟ್ಟಲಕ್ಕ ಹಾಕೂ ದಿನ ಕೂಸಿನಕಿಂತ ಮೊದಲ ಗುಂಡಪ್ಪನ್ನ ಮಲಗಸಬೇಕಲ್ಲ. ನಮ್ಮ ಮನಿ ಕೂಸೆಲ್ಲಾ ಇವನ ಹಿಂದನ ತೊಟ್ಟಲಾ ಕಂಡಾವು."

"ದಿಲ್ಲ್ಯಾಗ ಕಲ್ಲಿಗೆ ಬರ ಬಂದಿಲ್ಲ. ನಿನ್ನ ಟಿಕೀಟಿಗೆ ಇಪ್ಪತ್ತು ಕಿಲೋ ಸಾಮಾನು. ಮ್ಯಾಲ ಆತಂದ್ರ ಅಲ್ಲೇ ಮಂದಿ ಮುಂದ ಟ್ರಂಕ್ ಬಿಚ್ಚಿ ತಗಿ ಅಂತಾರ. ಅದಕ್ಕ ಮನ್ಯಾಗ ತೂಗಿ ಒಯ್ಯಬೇಕು."

ಓಣಿಯ ಲಗಮಪ್ಪನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರು. ಗುಂಡಪ್ಪ ಸುರೇಬಾನದಲ್ಲೇ ಉಳಿದ. ತುಪ್ಪದ ಡಬ್ಬಿಯ ಬಾಯಿಗೆ ಕೃಷ್ಣವ್ವ ಕಣಕ ಮೆತ್ತಿ, ಅರಿವೆ ಸುತ್ತಿ ಬಿಗಿದಳು.

"ಇನ್ನ ಕುಡಗೋಲು ಎಲ್ಲೈತಿ?"

ಕೆಂಚವ್ವ ತಲೆ ತಗ್ಗಿಸಿದಳು. ಬಾಣಂತಿಯ ದಿಂಬಿನ ಕೆಳಗೆ ತವರಿನ ಕಬ್ಬಿಣ ಇರಬೇಕು, ದೃಷ್ಟಿ ತಾಗಬಾರದು. ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಕೈಗಂಟಿನ ನಡುವೆ ಇಟ್ಟಿದ್ದಳು.

"ಗೊತ್ತಿತ್ತು" ಎಂದಳು ಕೃಷ್ಣವ್ವ. "ವಿಮಾನ ಹತ್ತೂಕಿಂತ ಮೊದಲ ಪೊಲೀಸರು ಕೈಗಂಟು ಬಿಚ್ಚಿ ನೋಡತಾರ. ಕುಡಗೋಲು ಸಿಕ್ರ ನಿನ್ನ ಕುಂದರಿಸಿ ಕೇಳತಾರ, ವಿಮಾನ ಹೊಂಟ ಹೋಗತೈತಿ. ಇದು ಟ್ರಂಕಿನ ತಳಕ್ಕ. ಚಿಮಣಿ ಎಣ್ಣಿ ಎಲ್ಲೂ ಬ್ಯಾಡ. ಕೈಯಾಗ ಬರೇ ಎಲಿಅಡಕಿ ಸಂಚಿ. ಅದರಾಗ ಟಿಕೀಟು, ಅಳಿಯನ ವಿಳಾಸ, ಒಂದೀಟು ಬೆಲ್ಲ."

"ಬೆಲ್ಲ ಯಾಕ?"

"ಏರೂವಾಗ, ಇಳಿಯೂವಾಗ ಕಿವಿ ಮುಚ್ಚಿದಂಗ ಆಗಿ ನೋಯ್ತಾವ. ಬೆಲ್ಲ ಬಾಯಾಗಿಟ್ಟು ಉಗುಳು ನುಂಗಕೋತ ಕುಂದ್ರು, ಬಿಡತಾವ. ಹೊಟ್ಟಿ ತೊಳಸಿದ್ರ ಮುಂದಿನ ಖುರ್ಚಿ ಕಿಸೆದಾಗ ಕಾಗದದ ಚೀಲ ಇರತೈತಿ. ನಾಚಬ್ಯಾಡ. ಅದ್ಸರಿ, ನೀರು?"

"ನೀರು ಬುಧವಾರದಿಂದ ಬಂದ್."

ಕೃಷ್ಣವ್ವ ಟ್ರಂಕಿನ ಮುಚ್ಚಳ ಹಾಕಿ ಅವಳ ಕಡೆ ತಿರುಗಿದಳು. "ಹೋದ ಸಲ ಬಿದ್ದಿದ್ದು ಯಾಕಂತ ತಿಳಕೊಂಡೀದಿ? ರೈಲಿನ ದಣಿವಲ್ಲ, ನೀರಿಲ್ಲದ ಬಿದ್ದಿ. ವಿಮಾನದ ಗಾಳಿ ಇನ್ನೂ ಒಣ. ಉಪಾಸ ಬಂದವರು, ಗಂಟಲಮಟ ತಿಂದು ಬಂದವರು ಇಬ್ರೂ ಕಾರಕೊಂಡಿದ್ದನ್ನ ಬಳದಾಕಿ ನಾ. ಹೊಂಟ ದಿನ ಅರ್ಧ ರೊಟ್ಟಿ, ಮಜ್ಜಿಗಿ ಅನ್ನ. ನೀರು ಮ್ಯಾಲಿಂದ ಮ್ಯಾಲ."

"ಮತ್ತ ಕುಡದದ್ದು ಎಲ್ಲಿ ಹೋಗಬೇಕ?"

"ವಿಮಾನದೊಳಗ ಪಾಯಖಾನಿ ಐತಿ. ದಿನಾ ತೊಳದೇನಿ. ಬಾಗಲಾ ಐತಿ, ಬಾಗಲಕ್ಕ ಒಳಗ ಚಿಲಕ ಐತಿ. ನಿನ್ನ ಮನ್ಯಾಗ ಐತೇನು ಅಂಥಾದ್ದು?"

ಹೊರಗೆ ಕಟ್ಟೆಯ ಮೇಲೆ ಮಡಿವಾಳೆಪ್ಪ ಸುಮ್ಮನೆ ಕೆಮ್ಮಿದ.

ಕೆಂಚವ್ವನಿಗೆ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು. ಏಳು ಸಮುದ್ರದಾಚೆಗೆ ಹೋಗಬೇಕಾದ ಹುಡುಗಿಯೊಬ್ಬಳು ದೊಡ್ಡ ಹಕ್ಕಿಯ ಬೆನ್ನೇರುತ್ತಾಳೆ. ಅಡವಿಯ ಅಂಚಿನ ಮುದುಕಿಯೊಬ್ಬಳು ಬುತ್ತಿ ಕಟ್ಟಿಕೊಟ್ಟು, ಹಕ್ಕಿ ಕೊರಳು ಹೊರಳಿಸಿದಾಗೊಮ್ಮೆ ಒಂದು ತುತ್ತು ಹಾಕು ಎಂದಿರುತ್ತಾಳೆ. ಹುಡುಗಿ ಆ ಮಾತು ಮರೆಯಲಿಲ್ಲ, ದಡ ಮುಟ್ಟಿದಳು. ಆ ಮುದುಕಿಯೂ ಎಂದೂ ಹಕ್ಕಿ ಏರಿದವಳಲ್ಲ. ಏರಿದವರನ್ನು ನೋಡಿದವಳು ಅಷ್ಟೇ.

"ನಾಳೆ ರಾತ್ರಿ ಹೊಂಟ್ರಾತು" ಎಂದ ಮಡಿವಾಳೆಪ್ಪ. "ಸ್ವಲ್ಪ ತಡಾ ಆದ್ರ ಕೈ ಮಾಡಿದ್ರಾತು, ನಿಲ್ಲಸ್ತಾರ."

"ಅದು ರಾಮದುರ್ಗದ ಬಸ್ಸ್ರಿ ಅಣ್ಣಾರ. ವಿಮಾನ ಕೈಗೆ ನಿಲ್ಲಂಗಿಲ್ಲ. ಎರಡು ತಾಸು ಮೊದಲ ಅಲ್ಲಿ ಇರಬೇಕು."

"ಮುಂಜಾನಿ ಮೊದಲನೇ ಬಸ್ಸಿಗೇ ಹೋಗೂದು" ಎಂದಳು ಕೆಂಚವ್ವ. ಗಂಡನ ಕಡೆ ನೋಡಲೇ ಇಲ್ಲ. ಎದ್ದು ಒಳಗೆ ಹೋಗಿ ತಂಬಿಗೆ ತುಂಬಿಕೊಂಡು ಬಂದು ಕೃಷ್ಣವ್ವನ ಎದುರಿಗೇ ನಿಂತು ಕುಡಿದಳು. ಮಡಿವಾಳೆಪ್ಪ ಎದ್ದು ಚೀಲ ಹುಡುಕತೊಡಗಿದ.

ದಾರಿಯಲ್ಲಿ ಬೆಳಗಾವಿಯ ಬಸ್ ಕೆಟ್ಟು ನಿಂತಿತು. ಮೂರು ತಾಸು ಹೋದವು. ಬೇಗ ಹೊರಟಿದ್ದಕ್ಕೆ ಮುಂಬಯಿಯ ಗಾಡಿ ತಪ್ಪಲಿಲ್ಲ. "ಕೃಷ್ಣವ್ವನ ಮಾತು ಕೇಳಿದ್ದು ಛಲೋ ಆತು ನೋಡು" ಎಂದು ಮಡಿವಾಳೆಪ್ಪನೇ ಅಂದ. ತಾನೇ ಹೋಗಿ ತಂಬಿಗೆಯಲ್ಲಿ ನೀರು ತುಂಬಿಸಿಕೊಂಡು ಬಂದ.

ವಿಮಾನ ನೆಲ ಬಿಟ್ಟಾಗ ಕೆಂಚವ್ವನ ಕಿವಿ ನೊಂದವು. ಸಂಚಿಯಿಂದ ಬೆಲ್ಲ ತೆಗೆದಳು. ನೀರು ಕೇಳಿದಳು, ಕೊಟ್ಟರು. ಇನ್ನೊಮ್ಮೆ ಕೇಳಿದಳು, ಇನ್ನೊಮ್ಮೆ ಕೊಟ್ಟರು. ನಡುವೆ ಒಮ್ಮೆ ಎದ್ದು ಹೋಗಿ ಒಳಗಿನ ಚಿಲಕ ಹಾಕಿಕೊಂಡಳು. ಕೃಷ್ಣವ್ವ ಹೇಳಿದ ಹಾಗೇ ಇತ್ತು ಆ ಚಿಲಕ.

ಅಂದು ಸಂಜೆ ಅಳಿಯ ನಿಲ್ದಾಣದಿಂದ ನೇರ ಆಸ್ಪತ್ರೆಗೆ ಕರೆತಂದಾಗ ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದಳು. ಕೆಂಚವ್ವ ಅವಳ ಮುಂದೆ ನೆಟ್ಟಗೆ ನಡೆದು ಮಗಳ ಮಂಚದ ಹತ್ತಿರ ಹೋದಳು. ಟ್ರಂಕಿನಿಂದ ಕುಡಗೋಲು ತೆಗೆದು ದಿಂಬಿನ ಕೆಳಗೆ ಇಟ್ಟು, ಹಣೆಯ ಮೇಲೆ ಕೈ ಇಟ್ಟಳು. ಸೋಮವ್ವ ಅವ್ವನ ಮುಖವನ್ನು ಹೆದರಿಕೆಯಿಂದಲೇ ನೋಡಿದಳು.

"ಅವ್ವಾ, ದಣದೀ. ಮೊದಲ ನೀರ ಕುಡಿ."

"ನಾ ಕುಡದ ಬಂದೇನಿ, ಮಗಳ" ಎಂದಳು ಕೆಂಚವ್ವ. "ನೀ ಸುಮ್ನ ಮಲಕ್ಕೊ. ನಾ ಇದ್ದೇನಿ."

ಮರುದಿನ ಬೆಳಿಗ್ಗೆ ಹುಟ್ಟಿದ ಕೂಸನ್ನು ಮೊದಲು ಎತ್ತಿಕೊಂಡ ಕೈ ಅವಳದೇ.

ತಾಯಂದಿರೇ, ಅಕ್ಕತಂಗಿಯರೇ, ನಮ್ಮ ಕಡೆಯವರಿಗೂ ಈಗ ವಿಮಾನ ಹತ್ತುವ ಪ್ರಸಂಗ ಬರುತ್ತಿದೆ. ಬಂದಾಗ ಹೆದರಿ ಕೂರಬೇಡಿರಿ, ತಿಳಿದವರನ್ನು ಕೇಳಿರಿ. ಸಾಮಾನು ಮನೆಯಲ್ಲೇ ತೂಗಿರಿ. ಕುಡಗೋಲು, ಚಾಕು, ಕತ್ತರಿ ಕೈಗಂಟಿನಲ್ಲಿ ಇಡಬೇಡಿರಿ. ಟಿಕೀಟು ಸಂಚಿಯಲ್ಲಿರಲಿ, ಹೊತ್ತಿಗೆ ಮೊದಲೇ ಹೊರಡಿರಿ. ಬಸ್ಸಾಗಲಿ ರೈಲಾಗಲಿ ವಿಮಾನವಾಗಲಿ, ನಾಚಿಕೆಗೆ ಅಂಜಿ ನೀರು ಬಿಡಬೇಡಿರಿ. ಆಚೆ ದಡದಲ್ಲಿ ಯಾರೋ ನಿಮ್ಮ ಕೈಯ ಬಲಕ್ಕೆ ಕಾದಿರುತ್ತಾರೆ. ಒಂದು ತಂಬಿಗೆ ನೀರು ಕುಡಿದೇ ಹೊಸ್ತಿಲು ದಾಟಿರಿ.