ಬುಡದ ಚಿತ್ರ

ಸೇತುವೆಯ ಕೆಲಸ ಶುರುವಾಗಿ ಒಂಬತ್ತನೇ ನಂಬರಿನ ಬಸ್ಸು ನಿಂತುಹೋಯಿತು. ಡಿಪೋ ಮ್ಯಾನೇಜರು ಡ್ರೈವರಮ್ಮನನ್ನು ಕರೆದು, "ನಾವು ಹೇಳಿ ಕಳಿಸೋವರೆಗೂ ಮನೇಲಿರಿ" ಎಂದರು. ಹದಿನೇಳು ವರ್ಷ ಆ ಒಂದೇ ದಾರಿಯಲ್ಲಿ ಬಸ್ಸು ಓಡಿಸಿದವಳು ಅವಳು. ಡ್ರೈವರಮ್ಮ ಎಂಬುದು ಪ್ರಯಾಣಿಕರು ಇಟ್ಟ ಹೆಸರು. ಈಗ ಜೊತೆಗಿದ್ದ ಅಕ್ಕನೂ ಹಾಗೇ ಕರೆಯುತ್ತಿದ್ದಳು. ಮನೆಯಲ್ಲಿ ಕೂತ ಮೊದಲ ದಿನ ಡ್ರೈವರಮ್ಮ ಕಪಾಟು ಒರೆಸಿದಳು. ಎರಡನೇ ದಿನ ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು. ಮೂರನೇ ದಿನ ಕಿಟಕಿಗೂ ಬಾಗಿಲಿಗೂ ನಡುವೆ ಓಡಾಡತೊಡಗಿದಳು.

"ನೀನು ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಕಣೇ," ಎಂದಳು ಅಕ್ಕ. "ನೋಡಿ ನೋಡಿ ನನಗೆ ತಲೆ ತಿರುಗ್ತಿದೆ. ಕ್ಯಾಮೆರಾ ತಗೊಂಡು ಕಾಡಿಗೆ ಹೋಗು."

ಅಕ್ಕ ಶಾಲೆಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಮಕ್ಕಳಿಗಾಗಿ ಕಾಡಿನ ಅಣಬೆಗಳನ್ನು ಗುರುತಿಸುವ ಪುಸ್ತಕವೊಂದನ್ನು ಬರೆಯುತ್ತಿದ್ದಳು. ಬರವಣಿಗೆ ಮುಗಿದಿತ್ತು, ಹನ್ನೆರಡು ಚಿತ್ರಗಳು ಬಾಕಿ. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಪಾದದ ಮೂಳೆ ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚುವುದರೊಳಗೆ ಎಲೆ ಉದುರುವ ಕಾಲ ಮುಗಿದು ಅಣಬೆಗಳೂ ಮುಗಿದುಹೋಗುತ್ತವೆ.

ಮೊದಲ ವಾರ ಡ್ರೈವರಮ್ಮ ತಂದ ಚಿತ್ರಗಳಲ್ಲಿ ಒಂದೂ ನೆಟ್ಟಗಿರಲಿಲ್ಲ. ಅಕ್ಕ ಲ್ಯಾಪ್‌ಟಾಪಿನ ಮುಂದೆ ಕೂತು ಒಂದೊಂದನ್ನೇ ಅಳಿಸಿದಳು.

"ಇದೇನು, ಅಣಬೆನಾ, ಮಂಜಲ್ಲಿ ನಿಂತಿರೋ ಬಲ್ಬಾ?"

"ಅದು ಚಿಕ್ಕದಕ್ಕ. ಹತ್ತಿರ ಹೋದರೆ ಎಲ್ಲಾ ಕಲಸಿಹೋಗುತ್ತೆ."

"ಹತ್ತಿರ ಹೋದಷ್ಟೂ ಕೈ ನಡುಗಿದ್ದು ದೊಡ್ಡದಾಗಿ ಕಾಣುತ್ತೆ. ಕ್ಯಾಮೆರಾನ ಕೈಯಲ್ಲಿ ಹಿಡೀಬೇಡ ಅಂತ ಎಷ್ಟು ಸಲ ಹೇಳೋದು? ಮರಳಿನ ಚೀಲದ ಮೇಲಿಡು. ಎರಡು ಸೆಕೆಂಡಿನ ಟೈಮರ್ ಹಾಕು. ಗುಂಡಿ ಒತ್ತಿ ಕೈ ತೆಗೆದು ಸುಮ್ಮನಿರು. ಗಾಳಿ ಬಂದರೆ ನಿಲ್ಲೋವರೆಗೆ ಕಾಯಿ."

ಎಲ್ಲಕ್ಕಿಂತ ಕಷ್ಟದ್ದು ಆ ಕೊನೆಯ ಮಾತು. ಎಂಜಿನ್ನಿನ ಜೊತೆ ನಡುಗಿ ನಡುಗಿ ಅಭ್ಯಾಸವಾದ ಮೈ ಅದು. ನೆಲಕ್ಕೆ ಹೊಟ್ಟೆ ಒತ್ತಿ ಮಲಗಿದರೆ ಬಲಗಾಲು ತನ್ನಷ್ಟಕ್ಕೆ ಬ್ರೇಕು ಹುಡುಕುತ್ತಿತ್ತು. ಆದರೂ ಎರಡನೇ ವಾರದ ಹೊತ್ತಿಗೆ ಐದು ಚಿತ್ರಗಳು ಅಕ್ಕನ ಪರೀಕ್ಷೆ ದಾಟಿದವು.

ಆ ಗುರುವಾರ ಬೆಳಿಗ್ಗೆ ಡ್ರೈವರಮ್ಮ ಕಾಡಿನ ಅಂಚಿನ ದೊಡ್ಡ ಮರದಡಿ ಅಣಬೆಗಳ ಗುಂಪೊಂದನ್ನು ಕಂಡಳು. ತಿಳಿಹಸಿರು ಛಾಯೆಯ ಟೋಪಿ, ಬಿಳಿ ಕಾಲು. ಆದರೆ ಅವಳಿಗಿಂತ ಮೊದಲೇ ಒಬ್ಬ ಗಂಡಸು ಅಲ್ಲಿ ಕೂತಿದ್ದ. ಸಣ್ಣ ಚಾಕುವಿನಿಂದ ಒಂದೊಂದನ್ನೇ ನೆಲಮಟ್ಟಕ್ಕೆ ಕತ್ತರಿಸಿ ಬಟ್ಟೆಚೀಲಕ್ಕೆ ಹಾಕುತ್ತಿದ್ದ. ಬೆರಳ ತುದಿಗೆಲ್ಲ ಹಿತ್ತಾಳೆಯ ಪುಡಿ ಅಂಟಿತ್ತು.

"ಒಂದೆರಡು ಬಿಡಿ, ಫೋಟೋ ತೆಗೀಬೇಕು," ಎಂದಳು ಡ್ರೈವರಮ್ಮ.

"ಬೇಕಾದಷ್ಟಿವೆ, ತೆಗೀರಿ. ಫೋಟೋ ತಗೊಂಡು ಏನು ಮಾಡ್ತೀರಿ? ತಿಂದರೆ ಹೊಟ್ಟೆನಾದ್ರೂ ತುಂಬುತ್ತೆ." ಅವನು ನಗುತ್ತಾ ಎದ್ದ. "ಹನ್ನೆರಡಕ್ಕೆ ಅಂಗಡಿ ತೆಗೀಬೇಕು. ಬರ್ತೀನಿ."

ಅವನು ಹೋದ. ಉಳಿದದ್ದು ಎರಡೇ. ಡ್ರೈವರಮ್ಮ ಮರಳಿನ ಚೀಲ ಹಾಕಿ ಮಲಗಿದಳು. ಗಾಳಿ ನಿಲ್ಲಲಿಲ್ಲ. ಮೇಲಿನಿಂದ ಎಲೆ ಬಿದ್ದು ಟೋಪಿಯ ಮೇಲೆ ಕೂತಿತು. ಊದಿದಳು, ಇನ್ನೊಂದು ಬಿತ್ತು. ಹಲ್ಲು ಕಚ್ಚಿ ಕಾದಳು. ಮುಕ್ಕಾಲು ಗಂಟೆಯಾದ ಮೇಲೆ ಟೋಪಿಯ ಅಂಚಿನಿಂದ ಕಾಲಿನ ಉಂಗುರದವರೆಗೆ ಎಲ್ಲವೂ ಕಡೆದಿಟ್ಟಂತೆ ಸ್ಫುಟವಾಗಿ ಬಂತು. ಬುಡವನ್ನೂ ತೋರಿಸಬೇಕೆಂದು ಅಕ್ಕ ಹೇಳಿದ್ದಳು. ಕಡ್ಡಿಯಿಂದ ಮಣ್ಣು ಕೆದಕಿ ಒಂದನ್ನು ಇಡಿಯಾಗಿ ಎತ್ತಿ ಅಡ್ಡಲಾಗಿ ಮಲಗಿಸಿದಳು. ಬುಡದಲ್ಲಿ ಹರಿದ ಮೊಟ್ಟೆ ಚಿಪ್ಪಿನಂಥ ಬಿಳಿ ಚೀಲವಿತ್ತು. ಅದರ ಫೋಟೋವನ್ನೂ ತೆಗೆದಳು. ಕ್ಯಾಮೆರಾದ ಪರದೆಯ ಚಿತ್ರವನ್ನು ಫೋನಿನಲ್ಲಿ ಹಿಡಿದು ಅಕ್ಕನಿಗೆ ಕಳಿಸಿದಳು, ಹೊಗಳಿಕೆಯ ಆಸೆಯಿಂದ.

ಫೋನು ತಕ್ಷಣ ಬಡಿದುಕೊಂಡಿತು.

"ಕೈ ತೊಳ್ಕೋ ಮೊದಲು," ಎಂದಳು ಅಕ್ಕ. "ಅದು ಕಡುವಿಷ ಕಣೇ. ಟೋಪಿಯಡಿ ಬಿಳಿ ಪದರ, ಕಾಲಿಗೆ ಉಂಗುರ, ಬುಡದಲ್ಲಿ ಚೀಲ. ನೀರಿದ್ದರೆ ಈಗಲೇ ತೊಳ್ಕೋ."

ಡ್ರೈವರಮ್ಮ ಬಾಟಲಿಯ ನೀರನ್ನು ಕೈಗೆ ಸುರಿದುಕೊಂಡಳು. "ಅಕ್ಕಾ, ಒಬ್ಬರು ಒಂದು ಚೀಲ ತುಂಬಾ ಕತ್ತರಿಸಿಕೊಂಡು ಹೋದರು."

"ಬುಡ ಸಮೇತ ಕಿತ್ತರಾ?"

"ಇಲ್ಲ, ಮೇಲಿಂದ ಕತ್ತರಿಸಿದರು."

"ಹಾಗಾದರೆ ಬುಡದ ಚೀಲ ಮಣ್ಣಲ್ಲೇ ಉಳೀತು. ಅವರಿಗೆ ಹೇಗೆ ಗೊತ್ತಾಗಬೇಕು? ಯಾರು ಅವರು?"

ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಅಂಗಡಿ ಎಂದಿದ್ದ, ಯಾವ ಅಂಗಡಿ? ಕಾಲುದಾರಿಯಲ್ಲಿ ಓಡುತ್ತಲೇ ಯೋಚಿಸಿದಳು. ಬೆರಳಲ್ಲಿ ಹಿತ್ತಾಳೆ ಪುಡಿ. ಪಾತ್ರೆಯ ಅಂಗಡಿಯೇ? ಪಾತ್ರೆಯವನ ಕೈಯಲ್ಲಿ ಪುಡಿ ಏಕೆ ಇರುತ್ತದೆ? ಅರ ಹಾಕಿ ತಿಕ್ಕುವವನ ಕೈ ಅದು. ತನ್ನ ದಾರಿಯ ಹನ್ನೊಂದನೇ ಸ್ಟಾಪು ಕಣ್ಣ ಮುಂದೆ ಬಂತು: ಔಷಧಿ ಅಂಗಡಿಗೆ ಅಂಟಿಕೊಂಡ ಬೀಗ ರಿಪೇರಿಯ ಗೂಡು, ಬಾಗಿಲ ಮೇಲೆ ತಗಡಿನ ದೊಡ್ಡ ಬೀಗದ ಕೈ. ದಿನಕ್ಕೆ ಎಂಟು ಸಲ ಅದರ ಮುಂದೆ ಬಸ್ಸು ನಿಲ್ಲಿಸಿದ್ದಳು. ಒಳಗೆ ಕೂತವನ ಮುಖ ಒಮ್ಮೆಯೂ ನೋಡಿರಲಿಲ್ಲ.

ಆ ಕಡೆ ಹೋಗಲು ಈಗ ಉಳಿದಿದ್ದದ್ದು ನಾಲ್ಕನೇ ನಂಬರು, ಊರೆಲ್ಲ ಸುತ್ತಿ ಹೋಗುವಂಥದು. ಅದನ್ನೇ ಹತ್ತಿದಳು. ಸೀಟು ಖಾಲಿಯಿದ್ದರೂ ಕೂರಲಿಲ್ಲ. ಡ್ರೈವರನ ಹಿಂದಿನ ಕಂಬಿ ಹಿಡಿದು ನಿಂತು ಪ್ರತಿ ಸಿಗ್ನಲ್ಲಿನಲ್ಲೂ ಕಾಲು ಕುಟ್ಟಿದಳು.

"ಡ್ರೈವರಮ್ಮಾ, ನೀವು ತುಳಿದರೆ ಗಾಡಿ ಓಡಲ್ಲ," ಎಂದ ಪರಿಚಯದ ಡ್ರೈವರು.

"ಹಾಗಾದರೆ ನೀನೇ ತುಳಿಯಪ್ಪಾ!"

ಅವಳು ಅಂಗಡಿ ಮುಟ್ಟಿದಾಗ ಎರಡು ಗಂಟೆ. ಬೀಗದವನು ಬೀಗದ ಕೈಯೊಂದನ್ನು ಅರದಿಂದ ಉಜ್ಜುತ್ತಿದ್ದ. ಒಳಗೆ ಸಣ್ಣ ಗ್ಯಾಸ್ ಒಲೆ, ಅದರ ಮೇಲೆ ಬಾಣಲೆ. ಬಾಣಲೆ ಖಾಲಿಯಾಗಿತ್ತು.

"ತಿಂದ್ರಾ?" ಎಂದಳು, ಏದುಸಿರಿನಲ್ಲಿ.

"ನಾಲ್ಕೇ ನಾಲ್ಕು. ಬ್ರೆಡ್ಡಿನ ಜೊತೆ. ಉಳಿದದ್ದು ಮನೆಗೆ." ಗೋಡೆಗೆ ತೂಗಿದ ಚೀಲ ತೋರಿಸಿದ. "ಯಾಕೆ, ನಿಮಗೂ ಬೇಕಿತ್ತಾ?"

ಅವಳು ಹೇಳಿದ್ದನ್ನು ಕೇಳಿ ಅವನಿಗೆ ಸಿಟ್ಟು ಬಂತು. "ಇಪ್ಪತ್ತು ವರ್ಷದಿಂದ ತಿಂತಾ ಇದ್ದೀನಿ ಅಮ್ಮಾ. ನೋಡಿ, ಗುಂಡುಕಲ್ಲಿನ ಹಾಗಿದ್ದೀನಿ. ಹೊಟ್ಟೆನೋವಿಲ್ಲ, ಏನಿಲ್ಲ."

"ಈಗ ಏನೂ ಆಗಲ್ಲವಂತೆ. ಸಂಜೆ ಮೇಲೆ ಶುರುವಾಗುತ್ತಂತೆ. ಆಗ ಹೋದರೆ ತಡ ಆಗುತ್ತೆ ಅಂತ ನಮ್ಮಕ್ಕ ಹೇಳ್ತಿದ್ದಾಳೆ."

"ನಿಮ್ಮಕ್ಕ ಡಾಕ್ಟರಾ?"

"ಟೀಚರು."

"ಸರಿಹೋಯ್ತು," ಎಂದು ಅವನು ಅರ ಕೈಗೆತ್ತಿಕೊಂಡ.

ಅಷ್ಟರಲ್ಲಿ ಅವನ ಹೆಂಡತಿ ಬಂದಳು. ಪಕ್ಕದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಜಗಳದ ದನಿ ಕೇಳಿ ಎದ್ದು ಬಂದಿದ್ದಳು. ಡ್ರೈವರಮ್ಮ ಕ್ಯಾಮೆರಾ ಅವಳ ಮುಂದೆ ಹಿಡಿದಳು. ಹೆಂಡತಿ ಚೀಲದಿಂದ ಒಂದು ಅಣಬೆ ತೆಗೆದು ಪರದೆಯ ಪಕ್ಕ ಇಟ್ಟಳು. ಟೋಪಿ ಅದೇ. ಪದರದ ಬಿಳುಪು ಅದೇ. ಉಂಗುರದ ನೆರಿಗೆ ಕೂಡ ಅದೇ. ಕತ್ತರಿಸಿದ ಜಾಗದಿಂದ ಕೆಳಗೆ, ಚಿತ್ರದಲ್ಲಿ ಮಾತ್ರ, ಆ ಚೀಲ.

"ನೀವು ಯಾವಾಗಲೂ ತರೋದರ ಪದರ ತಿಳಿಗುಲಾಬಿ ಇರ್ತಿತ್ತು," ಎಂದಳು ಅವಳು ಗಂಡನಿಗೆ, ಮೆತ್ತಗೆ. ನಂತರ ಅವನ ಕೈಯಿಂದ ಅರ ಕಿತ್ತುಕೊಂಡು ಮೇಜಿನ ಮೇಲೆ ಎಸೆದಳು. "ಎದ್ದೇಳಿ."

ಆಸ್ಪತ್ರೆಯ ಡಾಕ್ಟರು ಚಿತ್ರವನ್ನು ಹಿಗ್ಗಿಸಿ ಬುಡ ನೋಡಿದರು, ಉಂಗುರ ನೋಡಿದರು, ಎಷ್ಟು ಹೊತ್ತಿಗೆ ತಿಂದದ್ದೆಂದು ಕೇಳಿದರು. ಆಮೇಲೆ ಹೆಚ್ಚು ಮಾತಾಡದೆ ಅವನನ್ನು ಒಳಗೆ ಮಲಗಿಸಿ ಇದ್ದಿಲಿನ ಕಪ್ಪು ನೀರು ಕುಡಿಸಿದರು, ಡ್ರಿಪ್ ಹಾಕಿದರು. "ನನಗೇನೂ ಆಗಿಲ್ಲ" ಎಂದು ಅವನು ಎಲ್ಲರಿಗೂ ಹೇಳುತ್ತಲೇ ಇದ್ದ. ಮರುದಿನ ಬೆಳಿಗ್ಗೆ ಅದನ್ನು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಡ್ರೈವರಮ್ಮ ದಿನಾ ಹೋದಳು. ನೆಂಟಳಲ್ಲ, ಗುರುತಿನವಳೂ ಅಲ್ಲ. ಮನೆಯಲ್ಲಿ ಇರಲಾಗಲಿಲ್ಲ, ಅಷ್ಟೆ. ಕಾಡಿನಲ್ಲೇ ಅವನನ್ನು ಇನ್ನೊಂದು ಮಾತು ಕೇಳಿದ್ದರೆ, ಫೋಟೋ ಮೊದಲು ಕಳಿಸಿದ್ದರೆ ಎಂದು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದಳು. ಮೂರನೇ ದಿನ ಅವನ ಕಣ್ಣು ಹಳದಿಯಾಯಿತು. ಲಿವರ್ ತಡೆದುಕೊಂಡರೆ ಉಳಿದಂತೆ ಎಂದರು ಡಾಕ್ಟರು. ಅವನ ಹೆಂಡತಿ ಬೆಂಚಿನ ಮೇಲೆ ಕಲ್ಲಿನಂತೆ ಕೂತಿರುತ್ತಿದ್ದಳು. ಒಮ್ಮೆ ಮಾತ್ರ, "ನೀವೂ ಒಂದು ಗಳಿಗೆ ಕೂತ್ಕೊಳ್ಳಿ, ನಿಮ್ಮ ಚಪ್ಪಲಿ ಸದ್ದಿಗೆ ನನ್ನ ಎದೆ ಹೊಡ್ಕೊಳ್ತಿದೆ" ಎಂದಳು. ಡ್ರೈವರಮ್ಮ ಚಪ್ಪಲಿ ಕಳಚಿಟ್ಟು ಬರಿಗಾಲಲ್ಲಿ ನಡೆದಳು.

ಐದನೇ ದಿನದ ರಕ್ತಪರೀಕ್ಷೆ ಸ್ವಲ್ಪ ಇಳಿಮುಖ ತೋರಿಸಿತು. ಎಂಟನೇ ದಿನ ಬೀಗದವನು ದಿಂಬಿಗೆ ಒರಗಿ ಕೂತು ಗಂಜಿ ಕುಡಿದ. ಮುಖ ಅರ್ಧವಾಗಿತ್ತು. ಡ್ರೈವರಮ್ಮನನ್ನು ಕಂಡು, "ಆ ಫೋಟೋ ತೋರಿಸಿ" ಎಂದ.

ಅವಳು ಫೋನು ಕೊಟ್ಟಳು. ಅವನು ಬಹಳ ಹೊತ್ತು ನೋಡಿದ.

"ಎಷ್ಟು ಚೆನ್ನಾಗಿ ಬಂದಿದೆ," ಎಂದ. "ನಿಜ ಹೇಳ್ಬೇಕು ಅಂದ್ರೆ, ತಿನ್ನೋಕೂ ಚೆನ್ನಾಗಿತ್ತು."

ಹೆಂಡತಿ ಫೋನನ್ನು ಅವನ ಕೈಯಿಂದ ಕಸಿದುಕೊಂಡಳು. ಬೈಯಲು ಬಾಯಿ ತೆರೆದವಳಿಗೆ ಎಂಟು ದಿನದಿಂದ ಬಾರದಿದ್ದ ಅಳು ಬಂದುಬಿಟ್ಟಿತು. ಡ್ರೈವರಮ್ಮ ಮಂಚದ ಪಕ್ಕದ ಕುರ್ಚಿ ಎಳೆದುಕೊಂಡು ಅವಳ ಹತ್ತಿರ ಕೂತಳು.