ಅಮ್ಮಣ್ಣಿಯ ದನಿ ಇದ್ದ ಫೋಲ್ಡರ್

ತಮಿಳು ಸೀಮೆಯ ಅಡ್ಯಾರಿನಲ್ಲಿ ಹೋಟೆಲು ನಡೆಸುವ ಮಧ್ವರಾಜರಿಗೆ ತುಂಬಿದ ಪಾತ್ರೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಮಧ್ಯಾಹ್ನದ ಊಟ ಮುಗಿಯಿತೋ, ಸಾಂಬಾರಿನ ಹಂಡೆ ತೊಳೆದು ಕವುಚಿರಬೇಕು. ಕಸದ ಡಬ್ಬಿಯೂ ಬರಿದಾಗಿರಬೇಕು. ಎಲೆಗೆ ಬಡಿಸಿದ ಮೇಲೆ ಹಂಡೆಯಲ್ಲಿ ಉಳಿದದ್ದಕ್ಕೆ ಮರ್ಯಾದೆಯಿಲ್ಲ ಎಂಬುದು ಅವರ ಅಡುಗೆಮನೆಯ ಶಾಸ್ತ್ರ. ಆ ಶಾಸ್ತ್ರವನ್ನು ಮಗಳ ಲ್ಯಾಪ್‌ಟಾಪಿಗೂ ಹಚ್ಚಲು ಹೋಗಿ ಕೆಟ್ಟರು.

ಅವರ ಹೆಂಡತಿ ಅಮ್ಮಣ್ಣಿಗೆ ಗಂಟಲಿನ ಆಪರೇಷನ್ ಆಗಿ ಮಾತು ಹೋಗಿತ್ತು. ಹೀಗಾಗುತ್ತದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಮಗಳು ದೀಕ್ಷಿತಾ ತಾಯಿಯನ್ನು ಕ್ಯಾಮರಾದ ಮುಂದೆ ಕೂರಿಸಿ ಮನಸ್ಸು ತುಂಬ ಮಾತಾಡಿಸಿಟ್ಟುಕೊಂಡಿದ್ದಳು. “ಅಪ್ಪಾ, ನೀವೂ ಬಂದು ಕೂತ್ಕೊಳ್ಳಿ” ಎಂದು ಕರೆದಾಗಲೆಲ್ಲ ಮಧ್ವರಾಜರು, “ಈಗ ಗಿರಾಕಿಗಳ ಹೊತ್ತಲ್ವಾ ಮಗಾ” ಎಂದು ಗಲ್ಲಾಕ್ಕೆ ಓಡಿದ್ದರು. ಆಮೇಲೂ ಅದನ್ನು ನೋಡಿರಲಿಲ್ಲ. ನೀನು ಎಡಿಟ್ ಮಾಡಿ ಮುಗಿಸು, ಒಟ್ಟಿಗೆ ನೋಡುತ್ತೇನೆ ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ದೀಕ್ಷಿತಾ ಅಂಬತ್ತೂರಿನ ಆಫೀಸಿಗೆ ಹೊರಡುತ್ತ ಗೊಣಗಿದಳು. “ಲ್ಯಾಪ್‌ಟಾಪ್ ಫುಲ್ ಆಗಿದೆ ಅಪ್ಪಾ. ಜಾಗ ಇಲ್ಲ ಅಂತ ಎಡಿಟಿಂಗ್ ಅರ್ಧಕ್ಕೇ ನಿಂತಿದೆ. ಸಂಜೆ ಬಂದು ಕ್ಯಾಶ್ ತೆಗೀಬೇಕು.”

“ಅದೆಂತ, ನಾನೇ ತೆಗೆದಿಡ್ತೇನೆ. ಹೇಗೆ ಅಂತ ತೋರಿಸು.”

ಇಷ್ಟು ದಿನ ತಪ್ಪಿಸಿಕೊಂಡದ್ದು ಅವರ ಮನಸ್ಸನ್ನು ಚುಚ್ಚುತ್ತಿತ್ತು. ಮಗಳು ತೋರಿಸಿದಳು: ಕ್ಯಾಶ್ ಎಂದರೆ ಎಡಿಟಿಂಗ್ ಸಾಫ್ಟ್‌ವೇರು ತನ್ನ ಅನುಕೂಲಕ್ಕೆ ಮಾಡಿಕೊಳ್ಳುವ ನಕಲು, ಹೋದರೆ ಮತ್ತೆ ಮಾಡಿಕೊಳ್ಳುತ್ತದೆ. “ಅದು ಮಟ್ಟುಂ, ಅದೊಂದೇ, ಬೇರೇನೂ ಮುಟ್ಟಬೇಡಿ” ಎಂದು ಬಸ್ಸಿಗೆ ಓಡಿದಳು.

ಮಧ್ಯಾಹ್ನ ಅವರು ಕ್ಯಾಶ್ ತೆಗೆದರು. ಜಾಗ ಅಷ್ಟಕ್ಕಷ್ಟೇ. ಹುಡುಕಿದರೆ ‘ಅಮ್ಮ’ ಎಂಬ ಫೋಲ್ಡರೊಂದು ಹೊಟ್ಟೆಬಾಕನ ಹಾಗೆ ಕೂತಿತ್ತು. ಸಾಫ್ಟ್‌ವೇರಿನಲ್ಲಿ ನೋಡಿದರು, ಅಮ್ಮಣ್ಣಿಯ ತುಣುಕುಗಳೆಲ್ಲ ಸಾಲಾಗಿ ಜೋಡಣೆಯಾಗಿದ್ದವು. ಎಲೆಗೆ ಬಂದಾಯಿತಲ್ಲ, ಇನ್ನು ಹಂಡೆ ಯಾಕೆ? ಅಳಿಸಿದರು. ಕಸವನ್ನು ಮೂಲೆಯಲ್ಲಿ ಬಿಡುವ ಮನುಷ್ಯರಲ್ಲವಲ್ಲ, ರೀಸೈಕಲ್ ಬಿನ್ನನ್ನೂ ಬರಿದು ಮಾಡಿದರು. ಜಾಗವಾಯಿತು ಎಂದು ಹಿಗ್ಗಿದರು, ಪಾಪ.

ಸಂಜೆ ದೀಕ್ಷಿತಾ ತೆರೆದರೆ ಪರದೆ ತುಂಬ ವಿಡಿಯೋ ಸಿಗುತ್ತಿಲ್ಲವೆಂಬ ಕೆಂಪು ಮಾತ್ರ. “ಅಯ್ಯೋ, ಎನ್ನ ಪಣ್ಣಿಟ್ಟೀಂಗ ಅಪ್ಪಾ? ಏನು ಮಾಡಿಬಿಟ್ರಿ?” ಎಂದು ಫೋಲ್ಡರಿಗಾಗಿ ತಡಕಾಡಿದಳು.

“ಜೋಡಿಸಿದ್ದು ಅಲ್ಲೇ ಉಂಟಲ್ವಾ ಮಗಾ?”

“ಅದರೊಳಗೆ ವಿಡಿಯೋ ಇರೋದಿಲ್ಲಪ್ಪಾ. ಎಲ್ಲಿ ಕತ್ತರಿಸಿದೆ ಅನ್ನೋ ಗುರುತು ಮಾತ್ರ. ವಿಡಿಯೋ ಇದ್ದದ್ದು ಆ ಫೋಲ್ಡರಲ್ಲೇ.”

ಬೇರೆ ಕಡೆ ನಕಲಿರಲಿಲ್ಲ. ಕ್ಯಾಮರಾದ ಕಾರ್ಡನ್ನು ಅವಳು ಎಂದೋ ಬೇರೆ ಕೆಲಸಕ್ಕೆ ಬಳಸಿಬಿಟ್ಟಿದ್ದಳು. ಮರುದಿನ ರಿಪೇರಿ ಅಂಗಡಿಯವನೂ ಕೈಚೆಲ್ಲಿದ.

ಉಳಿದದ್ದು ತಾಯಿಯ ಮಾತನ್ನು ಕೇಳಿ ದೀಕ್ಷಿತಾ ಟೈಪು ಮಾಡಿ ಸೇರಿಸಿದ್ದ ಅಡಿಬರಹ ಮಾತ್ರ. ಮನೆಗೆ ಬಂದು ಅದನ್ನೇ ಓಡಿಸಿದಳು. ಮಧ್ವರಾಜರು ಕನ್ನಡಕ ಹಾಕಿಕೊಂಡು ಕೂತರು. ಹೋಟೆಲಿನಿಂದ ಫೋನು ಬಂತು, ಎತ್ತಲಿಲ್ಲ. ಕೆಂಪು ಪರದೆಯ ಕೆಳಗೆ ಅಮ್ಮಣ್ಣಿಯ ಮಾತು ಒಂದೊಂದೇ ಸಾಲಾಗಿ ಬಂತು.

‘ಇವರು ಮನೆಗೆ ಬಂದು ಊಟ ಆಯ್ತಾ ಅಂತ ಕೇಳ್ತಾರೆ. ನಾನು ಹೇಳುವಷ್ಟರಲ್ಲಿ ಇವರಿಗೆ ನಿದ್ರೆ ಬಂದಿರ್ತದೆ.’

‘ಕೋಪ ಎಂತದೂ ಇಲ್ಲ. ದಣಿದಿರ್ತಾರೆ, ಪಾಪ.’

‘ಇದನ್ನು ಹಾಕಿದಾಗಲಾದ್ರೂ ನನ್ನ ಮಾತು ಪೂರ್ತಿ ಕೇಳ್ತಾರಲ್ಲ, ಸಾಕು.’

ಅದರ ಮುಂದೆ ಮಗಳು ‘ನಗು’ ಎಂದು ಬರೆದಿದ್ದಳು.

ಹಿಂದೆ ನಿಂತು ಅಮ್ಮಣ್ಣಿಯೂ ಓದುತ್ತಿದ್ದರು. ಮಧ್ವರಾಜರು ತಿರುಗಿ ಅವರ ಕೈ ಹಿಡಿದುಕೊಂಡರು. “ಎಂಥ ಕೆಲಸ ಮಾಡಿಬಿಟ್ಟೆ ಮಾರಾಯ್ತಿ” ಎಂದು ಮಕ್ಕಳಂತೆ ಅತ್ತರು. ಪರವಾಗಿಲ್ಲ ಎಂದು ಅಮ್ಮಣ್ಣಿ ತಲೆಯಾಡಿಸಿದರು. ಆ ‘ಪರವಾಗಿಲ್ಲ’ವನ್ನು ಅವರು ಮೊದಲು ಹೇಗೆ ಹೇಳುತ್ತಿದ್ದರು? ಮಧ್ವರಾಜರು ಕಣ್ಣುಮುಚ್ಚಿ ನೆನಪಿಸಿಕೊಳ್ಳಲು ನೋಡಿದರು. ಸಂಸಾರದುದ್ದಕ್ಕೂ ಕೇಳಿದ್ದ ದನಿ, ಎಷ್ಟು ಹುಡುಕಿದರೂ ಕಿವಿಗೆ ಬರಲಿಲ್ಲ.